ಊರು ಬಿಟ್ಟ ಮಿಡ್‌ಫೀಲ್ಡರ್: ಬಿ.ಜಿ. ಕೆರೆಯಿಂದ ಅಳೆದ ಒಂದು ಪಾಠ

ಶನಿವಾರ ಸಂಜೆ ಹಾಸ್ಟೆಲ್ ಕಾಮನ್ ರೂಮಿಗೆ ಹೋದರೆ ಬುಂಡೆಸ್‌ಲಿಗಾ ಮ್ಯಾಚ್ ನೋಡ್ತಾ ಕೂತವರು ನಾಲ್ಕೈದು ಜನ ಸಿಕ್ಕೇ ಸಿಗ್ತಾರೆ. ಅದೇ ಹಾಸ್ಟೆಲ್‌ನಲ್ಲಿ ಜರ್ಮನ್ ಭಾಷೆಯ ಮೊದಲ ಹಂತದ ಕ್ಲಾಸಿಗೆ ಹೋಗೋರೂ ಇದ್ದಾರೆ, ಡಿಗ್ರಿ ಮುಗಿಸಿ ಎಂ.ಎಸ್.ಗೆ ಅಲ್ಲಿಗೆ ಹೋಗೋ ಆಸೆ. ಎರಡೂ ಗುಂಪಿನ ಬಾಯಲ್ಲಿ ನಾವು ಕೇಳೋ ಮಾತು ಒಂದೇ: "ಟ್ಯಾಲೆಂಟ್ ಇದ್ರೆ ಎಲ್ಲಿಗೆ ಬೇಕಾದ್ರೂ ಹೋಗಬಹುದು." ಈ ಮಾತು ಎಷ್ಟು ನಿಜ ಅಂತ ಈ ಸಲದ ಪಾಠದಲ್ಲಿ ನೋಡೋಣ.

ಇದಕ್ಕೆ ಮೂರು ಜನರ ಉದಾಹರಣೆ ತಗೊಂಡಿದ್ದೀವಿ. ಮೂವರೂ ಫುಟ್‌ಬಾಲ್ ಆಟಗಾರರು, ಮೂವರೂ ಹದಿನಾರರಿಂದ ಹತ್ತೊಂಬತ್ತರ ಒಳಗೆ, ಅಂದ್ರೆ ಹೆಚ್ಚು ಕಡಿಮೆ ನಮ್ಮ ವಯಸ್ಸಿನಲ್ಲೇ ಮನೆ ಬಿಟ್ಟವರು. ಒಬ್ಬರು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. ಉಳಿದಿಬ್ಬರು ಅಮೆರಿಕದಿಂದ ಜರ್ಮನಿಗೆ ಹೋದ ವೆಸ್ಟನ್ ಮೆಕೆನ್ನಿ ಮತ್ತು ಕ್ರಿಶ್ಚಿಯನ್ ಪುಲಿಸಿಕ್.

ಯಾವುದೇ ಅಳತೆಗೆ ಒಂದು ಸೊನ್ನೆ ಬಿಂದು ಬೇಕಲ್ಲ? ನಮ್ಮ ಬಳಗದಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರು ಇರೋದ್ರಿಂದ ನಾವು ಬಿ.ಜಿ. ಕೆರೆಯನ್ನ ಸೊನ್ನೆ ಬಿಂದು ಅಂತ ಇಟ್ಕೊಂಡಿದ್ದೀವಿ. ಗೊತ್ತಿಲ್ಲದವರಿಗೆ: ಅದು ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಊರು, ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗೋ ಹೆದ್ದಾರಿ ಮೇಲಿದೆ. ಮಳೆ ಕಡಿಮೆ, ಶೇಂಗಾ ಜಾಸ್ತಿ, ಕುರಿ ಇನ್ನೂ ಜಾಸ್ತಿ. ಬೆಂಗಳೂರು ಅಲ್ಲಿಂದ 200 ಕಿಲೋಮೀಟರ್‌ಗಿಂತ ದೂರ. ಸಂಜೆ ಶಾಲೆ ಮೈದಾನದಲ್ಲಿ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಕಾಣುತ್ತೆ. ಫುಟ್‌ಬಾಲ್ ಕಾಣೋದು ಅಪರೂಪ. ಅಲ್ಲಿನ ಒಬ್ಬ ಹುಡುಗನಿಗೋ ಹುಡುಗಿಗೋ ಕಾಲಿನಲ್ಲಿ ಚೆಂಡಿನ ಆಟ ಇದೆ ಅಂದ್ಕೊಳ್ಳಿ. ಮುಂದೆ ಏನಾಗುತ್ತೆ? ಈ ಪ್ರಶ್ನೆಯನ್ನ ಕೊನೆವರೆಗೂ ತಲೆಯಲ್ಲಿ ಇಟ್ಕೊಳ್ಳಿ.

1. ಮಿಡ್‌ಫೀಲ್ಡರ್ ಅಂದ್ರೆ ಯಾರು?

ಫುಟ್‌ಬಾಲ್ ನೋಡದವರಿಗೂ ಪಾಠ ಅರ್ಥ ಆಗಬೇಕು, ಹಾಗಾಗಿ ಮೊದಲು ಇದು. ತಂಡದ 11 ಜನರಲ್ಲಿ ಗೋಲ್‌ಕೀಪರ್ ಒಬ್ಬ. ಗೋಲ್ ಆಗದ ಹಾಗೆ ತಡೆಯೋರು ಡಿಫೆಂಡರ್‌ಗಳು. ಗೋಲ್ ಹೊಡೆಯೋ ಕೆಲಸ ಫಾರ್ವರ್ಡ್‌ಗಳದ್ದು. ಇವರಿಬ್ಬರ ನಡುವಿನ ಜಾಗದಲ್ಲಿ ಆಡೋನು ಮಿಡ್‌ಫೀಲ್ಡರ್.

ಚಳ್ಳಕೆರೆ ಬಸ್ ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಬಳ್ಳಾರಿ ಬಸ್ಸು, ಚಿತ್ರದುರ್ಗದ ಬಸ್ಸು, ಪಾವಗಡದ ಬಸ್ಸು, ಬೆಂಗಳೂರಿನ ಬಸ್ಸು ಎಲ್ಲಾ ಅಲ್ಲಿಗೇ ಬಂದು ಹೋಗಬೇಕು. ಅಲ್ಲಿನ ಕಂಟ್ರೋಲರ್‌ಗೆ ಒಂದು ಬಸ್ಸು ಒಳಗೆ ಬರೋ ಮೊದಲೇ ಅದು ಯಾವ ಪ್ಲಾಟ್‌ಫಾರ್ಮ್‌ಗೆ ಹೋಗಬೇಕು, ಅದರ ಹಿಂದೆ ಯಾವುದು ಬರ್ತಿದೆ ಅಂತ ಗೊತ್ತಿರಬೇಕು. ಬಂದ ಮೇಲೆ ಯೋಚನೆ ಮಾಡೋಕೆ ಕೂತರೆ ಸ್ಟ್ಯಾಂಡ್ ಜಾಮ್ ಆಗುತ್ತೆ. ಮಿಡ್‌ಫೀಲ್ಡರ್ ಕೆಲಸವೂ ಅದೇ. ಚೆಂಡು ಕಾಲಿಗೆ ಬರೋ ಮೊದಲೇ ಅವನು ಎಡಕ್ಕೆ, ಬಲಕ್ಕೆ, ಹೆಗಲ ಮೇಲಿಂದ ಹಿಂದಕ್ಕೆ ನೋಡಿರ್ತಾನೆ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡೋದ್ರಿಂದ ಇದು ನಮಗೆ ಕಾಣಲ್ಲ. ಒಂದು ಮ್ಯಾಚಿನಲ್ಲಿ ಚೆಂಡು ಬಿಟ್ಟು ಮಧ್ಯದ ಒಬ್ಬ ಆಟಗಾರನ ಕತ್ತನ್ನು ಮಾತ್ರ ಹತ್ತು ನಿಮಿಷ ನೋಡಿ, ಗೊತ್ತಾಗುತ್ತೆ.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತೆ. ವೇಗವಾಗಿ ಓಡೋನನ್ನ ಒಂದೇ ದಿನದ ಟ್ರಯಲ್ಸ್‌ನಲ್ಲಿ ಗುರುತಿಸಬಹುದು, ಸ್ಟಾಪ್‌ವಾಚ್ ಸಾಕು. ಮಿಡ್‌ಫೀಲ್ಡರನ್ನು ಹಾಗೆ ಗುರುತಿಸೋಕೆ ಆಗಲ್ಲ. ಅವನ ಒಳ್ಳೆಯತನ ಕಾಣೋದು ಉಳಿದ ಹತ್ತು ಜನ ಸರಿಯಾಗಿ ಆಡಿದಾಗ. ಅವನಿಗೆ ವರ್ಷಗಟ್ಟಲೆ ಒಳ್ಳೆಯ ತಂಡದ ಜೊತೆ ಆಡೋ ಅವಕಾಶ ಬೇಕು, ವರ್ಷಗಟ್ಟಲೆ ನೋಡೋ ಕೋಚ್ ಬೇಕು. ಅಂದ್ರೆ ಎಲ್ಲರಿಗಿಂತ ಹೆಚ್ಚು ವ್ಯವಸ್ಥೆ ಬೇಕಾಗಿರೋದು ಇವನಿಗೇ.

2. ಚಾಪ್‌ಮನ್ ಹತ್ತಿದ ಮೆಟ್ಟಿಲುಗಳು

ಕಾರ್ಲ್‌ಟನ್ ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು, ಬೆಂಗಳೂರಿನಲ್ಲಿ. ಎಂಬತ್ತರ ದಶಕದ ನಡುವೆ ಅವರು ಬೆಂಗಳೂರಿನ ಸಾಯ್ ಕೇಂದ್ರದ ಕ್ರೀಡಾ ಹಾಸ್ಟೆಲ್ ಸೇರಿದರು. ಆಮೇಲೆ ಸದರ್ನ್ ಬ್ಲೂಸ್ ಅನ್ನೋ ಸ್ಥಳೀಯ ಕ್ಲಬ್‌ಗೆ ಮೂರು ವರ್ಷ ಆಡಿದರು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋದರು. ಆಗ ಅವರಿಗೆ ಹತ್ತೊಂಬತ್ತರ ಆಸುಪಾಸು, ನಮ್ಮ ಸೆಕೆಂಡ್ ಇಯರ್ ವಯಸ್ಸು.

ಆ ಅಕಾಡೆಮಿ ಶುರುವಾಗಿದ್ದು 1987ರಲ್ಲಿ. ಅಂದ್ರೆ ಚಾಪ್‌ಮನ್ ಐದು ವರ್ಷ ಮೊದಲು ಹುಟ್ಟಿದ್ದಿದ್ರೆ ಅವರ ಹತ್ತೊಂಬತ್ತನೇ ವಯಸ್ಸಿಗೆ ಆ ಬಾಗಿಲೇ ಇರ್ತಿರಲಿಲ್ಲ. ಇದನ್ನ ಗಮನಿಸಿ. ಆಟ ಅವರದ್ದೇ, ಕಷ್ಟ ಅವರದ್ದೇ. ಆದರೆ ಬಾಗಿಲು ಬೇರೆಯವರು ಕಟ್ಟಿದ್ದು.

ಜಮ್‌ಶೆಡ್‌ಪುರದಿಂದ 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕ್‌ನ ಅಲ್ ಜವ್ರಾ ತಂಡದ ಮೇಲೆ ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಆ ಆರು ಗೋಲಿನಲ್ಲಿ ಮೂರು ಚಾಪ್‌ಮನ್ ಅವರದ್ದು. ಮಿಡ್‌ಫೀಲ್ಡರ್ ಒಬ್ಬ ವಿದೇಶಿ ಕ್ಲಬ್ ಮೇಲೆ ಹ್ಯಾಟ್ರಿಕ್ ಹೊಡೆಯೋದು ದಿನಾ ನಡೆಯೋ ಮಾತಲ್ಲ.

1995ರಲ್ಲಿ ಪಂಜಾಬ್‌ನ ಫಗ್ವಾರಾದ ಜೆಸಿಟಿ. ಅಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಇವರ ಆಟ. ಕೇರಳದವರೊಬ್ಬರು, ಸಿಕ್ಕಿಂನವರೊಬ್ಬರು, ಕರ್ನಾಟಕದವರೊಬ್ಬರು ಪಂಜಾಬ್‌ಗೆ ಆಡ್ತಾ 1996–97ರ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದರು. 1997ರಲ್ಲಿ ಎಫ್‌ಸಿ ಕೊಚ್ಚಿನ್. 1998ರಲ್ಲಿ ಮತ್ತೆ ಈಸ್ಟ್ ಬೆಂಗಾಲ್. 2000–01ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಭಾರತ ತಂಡಕ್ಕೂ ಅವರು ನಾಯಕರಾಗಿದ್ದರು. 1997ರಲ್ಲಿ ಕಠ್ಮಂಡುವಿನಲ್ಲಿ ನಡೆದ ಸ್ಯಾಫ್ ಕಪ್ ಭಾರತಕ್ಕೆ ಬಂತು. 2001ರಲ್ಲಿ ವೃತ್ತಿಪರ ಆಟ ನಿಲ್ಲಿಸಿದರು.

ಈ ದಾರಿ ಚಾಪ್‌ಮನ್ ಅವರಿಂದಲೇ ಶುರು ಆಗಿದ್ದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲ್ ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಈಸ್ಟ್ ಬೆಂಗಾಲ್ ಅಭಿಮಾನಿಗಳು ಪಂಚಪಾಂಡವರು ಅಂತ ಕರೆದ ಐದು ಫಾರ್ವರ್ಡ್‌ಗಳಲ್ಲಿ ಒಬ್ಬರು ಬೆಂಗಳೂರಿನ ಅಹ್ಮದ್ ಖಾನ್. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ಮಧ್ಯದಲ್ಲಿ ಆಡಿದವರು ನಮ್ಮ ಕೆಂಪಯ್ಯ. ಆಗ ಆ ಜಾಗಕ್ಕೆ ಹಾಫ್‌ಬ್ಯಾಕ್ ಅಂತಿದ್ರು. ಅಂದ್ರೆ ಬೆಂಗಳೂರಿನ ಹುಡುಗರು ಕೋಲ್ಕತ್ತಾಗೆ ಹೋಗಿ ಆಡೋ ದಾರಿ ತುಂಬಾ ಹಳೆಯದು. ಚಾಪ್‌ಮನ್ ಕಾಲದಲ್ಲಿ ಆ ದಾರಿಗೆ ಒಂದು ಹೊಸ ಮೆಟ್ಟಿಲು ಸೇರಿತು, ಅದು ಅಕಾಡೆಮಿ.

3. ಇಪ್ಪತ್ತೊಂದು ದಿನದ ಅಂತರದ ಇಬ್ಬರು

ಈಗ ಅಮೆರಿಕದ ಇಬ್ಬರ ಕಡೆ ಬರೋಣ. ಇವರ ಕಥೆಯಲ್ಲಿ ನಮ್ಮಂಥವರಿಗೆ ಇಷ್ಟ ಆಗೋ ಒಂದು ಅಂಶ ಇದೆ, ಪ್ರಯೋಗಕ್ಕೆ ಅಂತಲೇ ಸಿದ್ಧ ಮಾಡಿದ ಜೋಡಿ ತರ. ವೆಸ್ಟನ್ ಮೆಕೆನ್ನಿ ಹುಟ್ಟಿದ್ದು 1998ರ ಆಗಸ್ಟ್ 28. ಕ್ರಿಶ್ಚಿಯನ್ ಪುಲಿಸಿಕ್ ಹುಟ್ಟಿದ್ದು 1998ರ ಸೆಪ್ಟೆಂಬರ್ 18. ಇಬ್ಬರೂ ಅಮೆರಿಕದವರು. ಇಬ್ಬರೂ ಹೋಗಿದ್ದು ಜರ್ಮನಿಯ ರೂರ್ ಪ್ರದೇಶದ ಎರಡು ಅಕ್ಕಪಕ್ಕದ ನಗರಗಳಿಗೆ. ಪುಲಿಸಿಕ್ ಡಾರ್ಟ್‌ಮುಂಡ್‌ಗೆ, ಮೆಕೆನ್ನಿ ಗೆಲ್ಸೆನ್‌ಕಿರ್ಶೆನ್‌ನ ಶಾಲ್ಕೆ ಕ್ಲಬ್‌ಗೆ. ಈ ಎರಡು ಕ್ಲಬ್‌ಗಳ ನಡುವಿನ ಪೈಪೋಟಿ ಜರ್ಮನಿಯಲ್ಲೇ ದೊಡ್ಡದು.

ಆದರೆ ಪುಲಿಸಿಕ್ ಹೋಗಿದ್ದು 2015ರ ಶುರುವಿನಲ್ಲಿ, 16ನೇ ವಯಸ್ಸಿಗೆ. ಮೆಕೆನ್ನಿ ಸೇರಿದ್ದು 2016ರ ಆಗಸ್ಟ್‌ನಲ್ಲಿ, 18 ತುಂಬಿದ ಮೇಲೆ. ಒಂದೂವರೆ ವರ್ಷದ ಈ ವ್ಯತ್ಯಾಸ ಆಟದಿಂದ ಬಂದಿದ್ದು ಅಂತ ಅಂದ್ಕೊಂಡ್ರೆ ತಪ್ಪು. ಅದರ ಹಿಂದೆ ಒಂದು ನಿಯಮ ಇದೆ.

ಫಿಫಾದ ವರ್ಗಾವಣೆ ನಿಯಮಗಳಲ್ಲಿ 19ನೇ ವಿಧಿ ಇದೆ. ಅದರ ಪ್ರಕಾರ 18 ತುಂಬದ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋಗೋ ಹಾಗಿಲ್ಲ. ಯಾಕೆ? ಬಡ ದೇಶದ ಮಕ್ಕಳನ್ನು ಏಜೆಂಟ್‌ಗಳು ಆಸೆ ತೋರಿಸಿ ಕರ್ಕೊಂಡು ಹೋಗಿ, ಆಯ್ಕೆ ಆಗದಿದ್ರೆ ಪರದೇಶದ ಬೀದಿಯಲ್ಲಿ ಬಿಟ್ಟು ಹೋಗೋದು ನಡೀತಿತ್ತು. ಅದನ್ನ ತಡೆಯೋಕೆ ಈ ನಿಯಮ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಮುಖ್ಯವಾದ ಮೂರು ಇಲ್ಲಿವೆ:

ಒಂದು, ಫುಟ್‌ಬಾಲ್‌ಗೆ ಸಂಬಂಧ ಇಲ್ಲದ ಕಾರಣಕ್ಕೆ ಅಪ್ಪ ಅಮ್ಮ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ.

ಎರಡು, ಯುರೋಪಿಯನ್ ಒಕ್ಕೂಟದ ಒಳಗೆ 16ರಿಂದ 18ರ ವಯಸ್ಸಿನವರಿಗೆ. ಆದರೆ ಆ ಕ್ಲಬ್ ತರಬೇತಿಯ ಜೊತೆಗೆ ಓದು, ವಸತಿ ಎರಡಕ್ಕೂ ಜವಾಬ್ದಾರಿ ತಗೋಬೇಕು.

ಮೂರು, ಮನೆ ಮತ್ತು ಕ್ಲಬ್ ಎರಡೂ ದೇಶದ ಗಡಿಯಿಂದ 50 ಕಿಲೋಮೀಟರ್ ಒಳಗಿದ್ದರೆ. ಮೊಳಕಾಲ್ಮೂರಿನವರು ರಾಯದುರ್ಗ ಹತ್ತಿರ ಇದೆ ಅಂತ ಖುಷಿ ಪಡಬೇಡಿ. ಇಲ್ಲಿ ಲೆಕ್ಕಕ್ಕೆ ಬರೋದು ದೇಶದ ಗಡಿ, ರಾಜ್ಯದ ಗಡಿ ಅಲ್ಲ!

ಪುಲಿಸಿಕ್ ಅವರ ತಾತ ಕ್ರೊಯೇಷಿಯಾದವರು. ಕ್ರೊಯೇಷಿಯಾ 2013ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತ್ತು. ತಾತನ ಕಡೆಯಿಂದ ಮೊಮ್ಮಗನಿಗೆ ಕ್ರೊಯೇಷಿಯಾ ಪೌರತ್ವ ಸಿಕ್ಕಿತು, ಎರಡನೇ ವಿನಾಯಿತಿಯ ಬಾಗಿಲು ತೆರೆಯಿತು. ಅಪ್ಪನೂ ಜೊತೆಗೆ ಡಾರ್ಟ್‌ಮುಂಡ್‌ಗೆ ಹೋದರು. ಹುಡುಗ ಜರ್ಮನ್ ಕಲಿತು, ಆಮೇಲೆ ಅದರಲ್ಲೇ ಸಂದರ್ಶನ ಕೊಡೋ ಮಟ್ಟಕ್ಕೆ ಬಂದ. ಕಿರಿಯರ ತಂಡಗಳಲ್ಲಿ ಆಡಿ 2016ರ ಜನವರಿ 30ರಂದು ಇಂಗೊಲ್‌ಸ್ಟಾಟ್ ಎದುರು ಬುಂಡೆಸ್‌ಲಿಗಾಗೆ ಕಾಲಿಟ್ಟ. ಆ ವರ್ಷ ಏಪ್ರಿಲ್ 17ರಂದು ಹ್ಯಾಂಬರ್ಗ್ ಮೇಲೆ ಮೊದಲ ಗೋಲ್. ಆಗ ವಯಸ್ಸು 17.

ಮೆಕೆನ್ನಿ ಕಥೆ ಬೇರೆ ತರ. ಅಪ್ಪ ಅಮೆರಿಕ ವಾಯುಪಡೆಯಲ್ಲಿ ಇದ್ದರು. ಹಾಗಾಗಿ ಬಾಲ್ಯದ ಕೆಲವು ವರ್ಷ ಜರ್ಮನಿಯ ಕೈಸರ್ಸ್‌ಲೌಟರ್ನ್ ಹತ್ತಿರ ಕಳೆಯಿತು. ಫುಟ್‌ಬಾಲ್ ಕ್ಲಬ್‌ನಲ್ಲಿ ಆಡೋಕೆ ಶುರು ಮಾಡಿದ್ದು ಅಲ್ಲೇ. ಆಮೇಲೆ ಟೆಕ್ಸಾಸ್‌ಗೆ ವಾಪಸ್, ಅಲ್ಲಿ ಎಫ್‌ಸಿ ಡಲ್ಲಾಸ್ ಅಕಾಡೆಮಿ. ಅಮೆರಿಕದಲ್ಲೇ ವೃತ್ತಿಪರ ಒಪ್ಪಂದ, ಕಾಲೇಜು ಸೀಟು ಎರಡರ ಅವಕಾಶ ಇದ್ದರೂ ಶಾಲ್ಕೆ ಆರಿಸಿಕೊಂಡ. 2017ರ ಮೇ 20ರಂದು ಮೊದಲ ಬುಂಡೆಸ್‌ಲಿಗಾ ಪಂದ್ಯ. ತಮಾಷೆ ಅಂದ್ರೆ ಎದುರಾಳಿ ಅದೇ ಇಂಗೊಲ್‌ಸ್ಟಾಟ್.

ಒಬ್ಬನಿಗೆ ತಾತನ ಪೌರತ್ವ, ಇನ್ನೊಬ್ಬನಿಗೆ ಅಪ್ಪನ ಪೋಸ್ಟಿಂಗ್. ಇವೆರಡನ್ನೂ ಆಟದ ಅಭ್ಯಾಸದಿಂದ ಸಂಪಾದಿಸೋಕೆ ಆಗಲ್ಲ. ಹಾಗಂತ ಇವರು ಅದೃಷ್ಟದಿಂದ ಮಾತ್ರ ಬಂದರು ಅಂತಲೂ ಅಲ್ಲ. ಬಾಗಿಲು ತೆರೆದ ಮೇಲೆ ಒಳಗೆ ನಿಲ್ಲಬೇಕಾದರೆ ಆಟವೇ ಬೇಕು. ಇವೆರಡನ್ನೂ ಬೇರೆ ಬೇರೆಯಾಗಿ ನೋಡೋದನ್ನ ಕಲೀಬೇಕು, ಅಷ್ಟೇ.

4. ಜರ್ಮನಿಯೇ ಯಾಕೆ?

ಇಂಗ್ಲಿಷ್ ಮಾತಾಡೋ ಅಮೆರಿಕದ ಹುಡುಗರು ಇಂಗ್ಲೆಂಡ್ ಬಿಟ್ಟು ಜರ್ಮನಿಗೆ ಯಾಕೆ ಹೋಗ್ತಾರೆ? ಮೊದಲ ಕಾರಣ ಕಾಗದದ್ದು. ಇಂಗ್ಲೆಂಡ್‌ನಲ್ಲಿ ವಿದೇಶಿ ಆಟಗಾರನಿಗೆ ವರ್ಕ್ ಪರ್ಮಿಟ್ ಸಿಗೋದು ಕಷ್ಟ. ಬುಂಡೆಸ್‌ಲಿಗಾ 2006ರಿಂದ ಯುರೋಪ್ ಹೊರಗಿನ ಆಟಗಾರರ ಸಂಖ್ಯೆಯ ಮೇಲಿನ ಮಿತಿ ತೆಗೆದುಹಾಕಿತು.

ಎರಡನೇ ಕಾರಣ ತರಬೇತಿಯ ವ್ಯವಸ್ಥೆ. 2000ದ ಯುರೋ ಕಪ್‌ನಲ್ಲಿ ಜರ್ಮನಿ ತನ್ನ ಗುಂಪಿನಲ್ಲಿ ಕೊನೆಯ ಸ್ಥಾನಕ್ಕೆ ಬಿತ್ತು. ಆ ದೇಶಕ್ಕೆ ಅದು ದೊಡ್ಡ ಅವಮಾನ. ಅವರು ಕೋಚ್ ಬದಲಾಯಿಸಿ ಕೈ ತೊಳ್ಕೊಳ್ಳಲಿಲ್ಲ, ಬುಡದಿಂದ ಸರಿಮಾಡೋಕೆ ಹೊರಟರು. ವೃತ್ತಿಪರ ಕ್ಲಬ್‌ಗಳು ಲೈಸೆನ್ಸ್ ಬೇಕಾದರೆ ಯುವ ತರಬೇತಿ ಕೇಂದ್ರ ನಡೆಸಲೇಬೇಕು ಅನ್ನೋ ನಿಯಮ ಬಂತು. 2002ರಲ್ಲಿ ದೇಶದ ತುಂಬಾ 366 ತರಬೇತಿ ನೆಲೆಗಳ ಯೋಜನೆ ಶುರುವಾಯಿತು. ದೊಡ್ಡ ಕ್ಲಬ್‌ನಿಂದ ದೂರದ ಹಳ್ಳಿಯಲ್ಲಿರೋ ಮಗುವನ್ನೂ ವಾರಕ್ಕೊಮ್ಮೆ ಒಳ್ಳೆಯ ಕೋಚ್ ನೋಡಬೇಕು ಅನ್ನೋದೇ ಇದರ ಉದ್ದೇಶ. 2014ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದಿತು. ನಡುವೆ 14 ವರ್ಷ. ಇದನ್ನ ನಾವು ನಮ್ಮ ಭಾಷೆಯಲ್ಲಿ ಹೇಳೋದಾದರೆ, ಇನ್‌ಪುಟ್ ಹಾಕಿದ ತಕ್ಷಣ ಔಟ್‌ಪುಟ್ ಬರೋ ಸಿಸ್ಟಂ ಅಲ್ಲ ಇದು.

ಮೂರನೇದು, ಚರಿತ್ರೆ. ಡಾರ್ಟ್‌ಮುಂಡ್ ಉಕ್ಕಿನ ಊರು. ಗೆಲ್ಸೆನ್‌ಕಿರ್ಶೆನ್ ಕಲ್ಲಿದ್ದಲಿನ ಊರು, ಶಾಲ್ಕೆ ತಂಡದ ಅಡ್ಡಹೆಸರೇ ಗಣಿ ಕೆಲಸಗಾರರು ಅನ್ನೋ ಅರ್ಥದ್ದು. ಲೆವರ್‌ಕೂಸನ್ ಕ್ಲಬ್ 1904ರಲ್ಲಿ ಶುರುವಾಗಿದ್ದು ಬೇಯರ್ ಕಂಪನಿ ಕೆಲಸಗಾರರಿಂದ. ಅಮೆರಿಕದ ಮಿಡ್‌ಫೀಲ್ಡರ್ ಕ್ಲಾಡಿಯೋ ರೇನಾ 1994ರಲ್ಲಿ ವೃತ್ತಿ ಶುರು ಮಾಡಿದ್ದು ಅಲ್ಲೇ. ಅವರ ಮಗ ಜಿಯೊವಾನಿ ರೇನಾ 2020ರ ಜನವರಿಯಲ್ಲಿ 17ನೇ ವಯಸ್ಸಿಗೆ ಡಾರ್ಟ್‌ಮುಂಡ್ ಪರ ಬುಂಡೆಸ್‌ಲಿಗಾ ಆಡಿದ.

ಈಗ ಚಾಪ್‌ಮನ್ ದಾರಿಯನ್ನು ಇದರ ಪಕ್ಕ ಇಡಿ. ಜಮ್‌ಶೆಡ್‌ಪುರ ಉಕ್ಕಿನ ಊರು. ಜೆಸಿಟಿ ಬಟ್ಟೆ ಮಿಲ್ಲಿನ ತಂಡ. ಬೆಂಗಳೂರಿನಲ್ಲೂ ಐಟಿಐ, ಎಚ್‌ಎಎಲ್ ತರದ ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದ್ದವು. ಎಂಜಿನಿಯರಿಂಗ್ ಓದೋ ನಾವು ಕಾರ್ಖಾನೆ ಅಂದ್ರೆ ಪ್ರೊಡಕ್ಷನ್, ಪ್ಲೇಸ್‌ಮೆಂಟ್ ಅಂತ ಮಾತ್ರ ನೋಡ್ತೀವಿ. ಒಂದು ಶಿಫ್ಟ್ ಮುಗಿಸಿದ ಜನ ಸಂಜೆ ಒಂದು ಮೈದಾನದಲ್ಲಿ ಸೇರೋದು, ಅವರ ಮಕ್ಕಳು ಆ ಮೈದಾನದ ಅಂಚಿನಲ್ಲಿ ಬೆಳೆಯೋದು ಕೂಡ ಕಾರ್ಖಾನೆಯ ಉತ್ಪಾದನೆಯೇ. ಬಿ.ಜಿ. ಕೆರೆಯಂಥ ಒಣ ಬೇಸಾಯದ ಸೀಮೆಗೆ ಈ ದಾರಿಯಿಂದ ಫುಟ್‌ಬಾಲ್ ಬರಲಿಲ್ಲ.

5. ಕಾಗದ ಅಡ್ಡ ಬಂದಾಗ

ಆಟ ಇದ್ದೂ ಬಾಗಿಲು ತೆರೆಯದ ಉದಾಹರಣೆಯೂ ಬೇಕು. 2009ರಲ್ಲಿ ಲಂಡನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಸುನಿಲ್ ಛೇತ್ರಿ ಜೊತೆ ಒಪ್ಪಂದಕ್ಕೆ ಸಿದ್ಧವಾಗಿತ್ತು. ವರ್ಕ್ ಪರ್ಮಿಟ್ ಸಿಗಲಿಲ್ಲ. ಕಾರಣ, ಫಿಫಾ ರ್‍ಯಾಂಕಿಂಗ್‌ನಲ್ಲಿ ಭಾರತ ಮೊದಲ 70ರಲ್ಲಿ ಇರಲಿಲ್ಲ. ಗಮನಿಸಿ, ಅಲ್ಲಿ ಲೆಕ್ಕಕ್ಕೆ ಬಂದದ್ದು ದೇಶದ ರ್‍ಯಾಂಕ್. ಒಬ್ಬ ಆಟಗಾರ ಎಷ್ಟೇ ಚೆನ್ನಾಗಿ ಆಡಲಿ, ದೇಶದ ಉಳಿದ ಫುಟ್‌ಬಾಲ್ ಹಿಂದೆ ಉಳಿದಿದ್ದರೆ ಅವನೂ ಹಿಂದೆಯೇ. ಛೇತ್ರಿ 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ತಂಡಕ್ಕೆ, 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ಗೆ ಹೋಗಿ ಬಂದರು. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಅದರ ನಾಯಕರಾದರು. ಅದು ಮೊದಲ ವರ್ಷವೇ ಐ-ಲೀಗ್ ಗೆದ್ದಿದ್ದು ನಿಮಗೆಲ್ಲಾ ಗೊತ್ತು.

ಎಂ.ಎಸ್.ಗೆ ಹೋಗೋರಿಗೆ ಇದು ಹೊಸದಲ್ಲ. ನಿಮ್ಮ ಸಿಜಿಪಿಎ ಒಂದೇ ನೋಡಲ್ಲ, ನಿಮ್ಮ ಯೂನಿವರ್ಸಿಟಿಯ ಮಾನ್ಯತೆ, ಬ್ಯಾಂಕಿನಲ್ಲಿ ಇಟ್ಟ ದುಡ್ಡು, ಭಾಷೆಯ ಸರ್ಟಿಫಿಕೇಟ್ ಎಲ್ಲಾ ನೋಡ್ತಾರೆ.

6. ಒಂದು ಸಣ್ಣ ಲೆಕ್ಕ

ಮೆಟ್ಟಿಲು ಕಟ್ಟಿದವರಿಗೆ ಏನು ಸಿಗುತ್ತೆ? ಫಿಫಾದಲ್ಲಿ ಇದಕ್ಕೂ ನಿಯಮ ಇದೆ. ವೃತ್ತಿಪರ ಆಟಗಾರ ಒಪ್ಪಂದದ ನಡುವೆ ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹಣಕ್ಕೆ ವರ್ಗಾವಣೆ ಆದರೆ, ಆ ಹಣದ 5% ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ತಯಾರು ಮಾಡಿದ ಕ್ಲಬ್‌ಗಳಿಗೆ ಹಂಚಿಕೆ ಆಗಬೇಕು.

12ರಿಂದ 15: ವರ್ಷಕ್ಕೆ 0.25%, ನಾಲ್ಕು ವರ್ಷಕ್ಕೆ 1%.
16ರಿಂದ 23: ವರ್ಷಕ್ಕೆ 0.5%, ಎಂಟು ವರ್ಷಕ್ಕೆ 4%.
ಒಟ್ಟು 5%.

ಈಗ ಊಹೆಯ ಒಂದು ಉದಾಹರಣೆ. ಬಿ.ಜಿ. ಕೆರೆಯಲ್ಲಿ ಒಂದು ಕ್ಲಬ್ ಇದೆ, ಅದು ಒಬ್ಬ ಹುಡುಗನಿಗೆ 12ರಿಂದ 15ರವರೆಗೆ ಆಟ ಕಲಿಸಿದೆ ಅಂದ್ಕೊಳ್ಳಿ. ಹತ್ತು ವರ್ಷ ಆದಮೇಲೆ ಅವನು 10 ಲಕ್ಷ ಯೂರೋಗೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋದ. ಯುರೋಪ್ ಲೆಕ್ಕದಲ್ಲಿ ಅದು ಸಣ್ಣ ಮೊತ್ತ. ಬಿ.ಜಿ. ಕೆರೆ ಕ್ಲಬ್‌ಗೆ ಬರಬೇಕಾದ್ದು 1%, ಅಂದ್ರೆ 10,000 ಯೂರೋ. ಒಂದು ಯೂರೋ 90 ರೂಪಾಯಿ ಅಂತ ಇಟ್ಕೊಂಡ್ರೂ 9 ಲಕ್ಷ ರೂಪಾಯಿ. ಚೆಂಡು, ಬಲೆ, ಶೂ, ಒಬ್ಬ ಕೋಚ್‌ನ ಸಂಬಳ, ಎಲ್ಲಾ ಎಷ್ಟೋ ದಿನ ನಡೆಯುತ್ತೆ.

ಆದರೆ ಒಂದು ಷರತ್ತು. ಆ ಕ್ಲಬ್ ಸಂಘದಲ್ಲಿ ನೋಂದಣಿ ಆಗಿರಬೇಕು, ಆ ಹುಡುಗನ ಹೆಸರು ಆ ವರ್ಷಗಳಲ್ಲಿ ಆ ಕ್ಲಬ್ಬಿನ ಲೆಕ್ಕದಲ್ಲಿ ಇರಬೇಕು. ಈಗ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತೆ. ಹೆಸರು ಇಲ್ಲದಿದ್ರೆ ಕಲಿಸಿದ ಮೇಷ್ಟ್ರು ಎಷ್ಟೇ ಕಷ್ಟಪಟ್ಟಿರಲಿ, ಲೆಕ್ಕದಲ್ಲಿ ಅವರು ಇಲ್ಲ. ನಮ್ಮ ಲ್ಯಾಬ್‌ನಲ್ಲಿ ರೀಡಿಂಗ್ ತಗೊಂಡು ರೆಕಾರ್ಡ್ ಬುಕ್‌ನಲ್ಲಿ ಬರೆಯದಿದ್ರೆ ಮಾರ್ಕ್ಸ್ ಇಲ್ಲ ಅಲ್ವಾ, ಹಾಗೆ.

7. ಬಿ.ಜಿ. ಕೆರೆಯಿಂದ ಮೆಟ್ಟಿಲು ಎಣಿಸಿದರೆ

ಈಗ ಸೊನ್ನೆ ಬಿಂದುವಿಗೆ ವಾಪಸ್ ಬರೋಣ. ಚಾಪ್‌ಮನ್ ದಾರಿಯನ್ನ ಮೆಟ್ಟಿಲಾಗಿ ಬರೆದರೆ: ಆಡೋ ಜಾಗ, ಕ್ರೀಡಾ ಹಾಸ್ಟೆಲ್, ಸ್ಥಳೀಯ ಕ್ಲಬ್, ಅಕಾಡೆಮಿ, ವೃತ್ತಿಪರ ಕ್ಲಬ್, ದೇಶದ ತಂಡ. ಒಟ್ಟು ಆರು.

ಮೇಲಿನ ಮೆಟ್ಟಿಲುಗಳು ಇವತ್ತು ಕರ್ನಾಟಕದಲ್ಲಿ ಇವೆ. ಬೆಂಗಳೂರಿನಲ್ಲಿ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಲೀಗ್ ಡಿವಿಷನ್‌ಗಳು ನಡೀತವೆ, ಐಎಸ್‌ಎಲ್ ಆಡೋ ಕ್ಲಬ್ ಇದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲ್‌ಗಳು ಜಿಲ್ಲಾ ಕೇಂದ್ರಗಳಲ್ಲಿವೆ, ಟ್ರಯಲ್ಸ್ ಮಾಡಿ ಮಕ್ಕಳನ್ನು ತಗೋತಾರೆ. ಕಾಣೆ ಆಗಿರೋದು ಕೆಳಗಿನ ಮೊದಲ ಮೆಟ್ಟಿಲು ಮತ್ತು ಅದರಿಂದ ಎರಡನೇದಕ್ಕೆ ಹೋಗೋ ದಾರಿ. ಹಾಸ್ಟೆಲ್ ಟ್ರಯಲ್ಸ್‌ಗೆ ಹೋಗಬೇಕಾದರೆ ಮಗು ಮೊದಲು ಫುಟ್‌ಬಾಲ್ ಆಡಿರಬೇಕು. ಆಡಬೇಕಾದರೆ ಚೆಂಡು, ಹನ್ನೊಂದು ಜನ, ನೋಡೋ ಕಣ್ಣು ಬೇಕು. ಮೊದಲೇ ಹೇಳಿದ ಹಾಗೆ ಮಿಡ್‌ಫೀಲ್ಡರ್ ಒಬ್ಬನೇ ಗೋಡೆಗೆ ಚೆಂಡು ಒದ್ದು ಬೆಳೆಯೋದು ಕಷ್ಟ.

ಮನೆಯವರ ಮಾತೂ ಇಲ್ಲಿ ಬರುತ್ತೆ. "ಆಟ ಆಡು ಕಣಪ್ಪ, ಬ್ಯಾಡ ಅನ್ನಲ್ಲ, ಓದು ಬಿಡಬ್ಯಾಡ" ಅಂತ ನಮ್ಮ ಕಡೆ ಹಿರಿಯರು ಹೇಳೋದು ಹಳೇ ಕಾಲದ ಮಾತು ಅಂತ ನಾವು ತಳ್ಳಿಹಾಕ್ತೀವಿ. ಆದರೆ ಫಿಫಾದ 19ನೇ ವಿಧಿಯ ಎರಡನೇ ವಿನಾಯಿತಿ ಹೇಳೋದೂ ಅದನ್ನೇ: ಆಟ ನಿಂತುಹೋದರೂ ಹುಡುಗನಿಗೆ ಬೇರೆ ಬದುಕು ಇರಬೇಕು, ಅದಕ್ಕೆ ಬೇಕಾದ ಓದನ್ನ ಕ್ಲಬ್ಬೇ ಕೊಡಿಸಬೇಕು. ಯಾಕಂದ್ರೆ ಆಟದ ವೃತ್ತಿ ಚಿಕ್ಕದು. ಚಾಪ್‌ಮನ್ ಆಟ ನಿಲ್ಲಿಸಿದಾಗ ಅವರಿಗೆ 30 ವರ್ಷ. ನಾವು ಆ ವಯಸ್ಸಿಗೆ ಕೆಲಸದಲ್ಲಿ ಒಂದೆರಡು ಪ್ರಮೋಷನ್ ನೋಡಿರ್ತೀವಿ, ಅಷ್ಟೇ.

ಆಮೇಲೆ ಅವರು ಮಾಡಿದ್ದು ಏನು ಗೊತ್ತಾ? ಕೋಚ್ ಆದರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಕಲಿಸಿದರು. ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ ಕ್ಲಬ್‌ಗೆ ಕೋಚ್ ಆದರು, ಆಮೇಲೆ ಕೋಳಿಕ್ಕೋಡ್‌ನ ಒಂದು ಕ್ಲಬ್‌ನಲ್ಲೂ ಕೆಲಸ ಮಾಡಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 49. ಭಾರತ ತಂಡದ ನಾಯಕರಾಗಿದ್ದ ಒಬ್ಬ ಕನ್ನಡ ನಾಡಿನ ಮಿಡ್‌ಫೀಲ್ಡರ್ ಹೆಸರು ನಮ್ಮ ಕ್ಲಾಸಿನಲ್ಲಿ ಕೇಳಿದ್ರೆ ಎಷ್ಟು ಜನ ಕೈ ಎತ್ತುತ್ತಾರೆ? ಪುಲಿಸಿಕ್ ಅಂದ್ರೆ ವಿಡಿಯೋ ಗೇಮ್ ಆಡೋರೆಲ್ಲಾ ಎತ್ತುತ್ತಾರೆ.

8. ನಮ್ಮ ಕೈಯಲ್ಲಿ ಆಗೋದು

ಪಾಠದ ಸಾರ ಇಷ್ಟು. ಊರು ಬಿಟ್ಟು ಹೋಗಿ ಗೆದ್ದವರ ಕಥೆಯಲ್ಲಿ ನಾವು ಹೋದವನನ್ನು ಮಾತ್ರ ನೋಡ್ತೀವಿ. ಅವನ ಕಾಲ ಕೆಳಗೆ ಹಾಸ್ಟೆಲ್, ಅಕಾಡೆಮಿ, ನಿಯಮ, ಪೌರತ್ವ, ಕಾರ್ಖಾನೆ ಎಲ್ಲಾ ಇತ್ತು. ಪ್ರತಿಭೆ ಎಲ್ಲಿ ಬೇಕಾದರೂ ಹುಟ್ಟುತ್ತೆ ಅನ್ನೋದು ನಿಜ. ಎಲ್ಲಿಗೆ ಬೇಕಾದರೂ ಹೋಗುತ್ತೆ ಅನ್ನೋದು ನಿಜ ಅಲ್ಲ. ಮೆಟ್ಟಿಲು ಇರೋ ಕಡೆಯಿಂದ ಮಾತ್ರ ಹೋಗುತ್ತೆ.

ಜರ್ಮನಿಯ 366 ನೆಲೆ ಕಟ್ಟೋದು ನಮ್ಮಿಂದ ಆಗಲ್ಲ. ಆದರೆ ರಜೆಗೆ ಊರಿಗೆ ಹೋದಾಗ ಶಾಲೆಯ ಪಿಇ ಮೇಷ್ಟ್ರನ್ನ ಕೇಳಿಕೊಂಡು ಎರಡು ಚೆಂಡು ಕೊಡಿಸೋದು, ಹತ್ತು ದಿನ ಸಂಜೆ ಮಕ್ಕಳ ಜೊತೆ ಆಡೋದು ಆಗುತ್ತೆ. ಕ್ರೀಡಾ ಹಾಸ್ಟೆಲ್ ಟ್ರಯಲ್ಸ್ ಯಾವಾಗ, ಯಾವ ವಯಸ್ಸಿನವರಿಗೆ, ಯಾವ ದಾಖಲೆ ಬೇಕು ಅಂತ ಜಿಲ್ಲಾ ಕಚೇರಿಯಲ್ಲಿ ಕೇಳಿ, ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಶಾಲೆಯ ನೋಟಿಸ್ ಬೋರ್ಡ್‌ಗೆ ಅಂಟಿಸೋದು ಆಗುತ್ತೆ. ನಮ್ಮಲ್ಲಿ ಫಾರಂ ತುಂಬೋಕೆ ಬರದವರು ಯಾರೂ ಇಲ್ಲ. ಹುಡುಗರ ಜೊತೆ ಹುಡುಗಿಯರ ಹೆಸರೂ ಆ ಫಾರಂನಲ್ಲಿ ಇರಲಿ.

ಅಭ್ಯಾಸ

ಉತ್ತರವನ್ನ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಳ್ಳೆಯದನ್ನ ಹಾಕ್ತೀವಿ.

1. ಒಬ್ಬ ಆಟಗಾರ 14ರಿಂದ 17ನೇ ವಯಸ್ಸಿನವರೆಗೆ, ಎರಡೂ ಸೇರಿ ನಾಲ್ಕು ವರ್ಷ, ಒಂದೇ ಕ್ಲಬ್‌ನಲ್ಲಿ ಇದ್ದ. ಆಮೇಲೆ ಬೇರೆ ದೇಶದ ಕ್ಲಬ್‌ಗೆ 20 ಲಕ್ಷ ಯೂರೋಗೆ ವರ್ಗಾವಣೆ ಆದ. ಮೊದಲ ಕ್ಲಬ್‌ಗೆ ಎಷ್ಟು ಬರಬೇಕು?

2. ನೀವು ಈ ಕಾಲೇಜಿಗೆ ಬರೋಕೆ ಹತ್ತಿದ ಮೆಟ್ಟಿಲುಗಳನ್ನ ಬರೆಯಿರಿ. ಅದರಲ್ಲಿ ನಿಮ್ಮ ಓದಿನಿಂದ ಬಂದದ್ದು ಯಾವುದು, ಬೇರೆಯವರು ಕಟ್ಟಿಟ್ಟಿದ್ದು ಯಾವುದು ಅಂತ ಎರಡು ಕಾಲಂ ಮಾಡಿ.

3. ನಿಮ್ಮ ಊರಿನ ಶಾಲೆ ಮೈದಾನದ ಉದ್ದ, ಅಗಲ ಅಳೆದು ಬನ್ನಿ. ಏಳು ಜನರ ತಂಡದ ಫುಟ್‌ಬಾಲ್‌ಗೆ ಅದು ಸಾಕಾಗುತ್ತಾ? ಸಾಕಾಗುತ್ತೆ ಅಂದ್ರೆ ಆರನೇ ಸೆಮಿಸ್ಟರ್‌ವರೆಗೆ ಕಾಯೋದು ಬೇಡ, ಈ ರಜೆಯಲ್ಲೇ ಗೋಲಿನ ಗೂಟ ನೆಡೋಣ.